ಫ್ರೀ ಟಿವಿ ಆ್ಯಪ್ ಹಾಕಿಕೊಡ್ತೀವಿ ಅಂತ ಮನೆಗೆ ಬಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಕಲಬುರಗಿಯವರು, ಅದರಲ್ಲೂ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಸ ಸ್ಮಾರ್ಟ್ ಟಿವಿ ತಗೊಂಡ ಮೇಲೆ ಫಿಟ್ ಮಾಡೋಕೆ ಅಂಗಡಿ ಹುಡುಗ ಬರ್ತಾನೆ. ಸ್ಟ್ಯಾಂಡ್ ಹಾಕ್ತಾನೆ, ವೈಫೈ ಜೋಡಿಸ್ತಾನೆ. ಆಮೇಲೆ "ಎಲ್ಲಾ ಚಾನೆಲ್ ಫ್ರೀ ಅದಾವ್ರಿ, ಬರೀ ಜಾಹೀರಾತು ಬರ್ತಾವ" ಅಂತ ಒಂದು ಆ್ಯಪ್ ತೋರಿಸ್ತಾನೆ. ಕೊನೆಗೆ ವೆರಿಫಿಕೇಶನ್ ಅಂತ ಒಂದು ರೂಪಾಯಿ ಕೇಳ್ತಾನೆ. ಆ ಒಂದು ರೂಪಾಯಿ ಕೊಡಬೇಡಿ. ಅಲ್ಲೇ ನಿಲ್ಲಿಸಿ. ಮಿಕ್ಕಿದ್ದು ಓದೋಕೆ ಟೈಮ್ ಇಲ್ಲ ಅಂದ್ರೂ ಇಷ್ಟು ನೆನಪಿಡಿ.

ನಮ್ಮ ಮನೆಯಲ್ಲಿ ಆಗಿದ್ದು ಹೇಳ್ತೀನಿ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅಮ್ಮನಿಗೆ ಮೊಣಕಾಲು ನೋವು, ಹೊರಗೆ ಓಡಾಡೋದು ಕಷ್ಟ. ಸಂಜೆ ದೀಪ ಹಚ್ಚಿದ ಮೇಲೆ ಊಟದ ತನಕ ಸೀರಿಯಲ್ಲೇ ಅವರ ಲೋಕ. ಕೇಬಲ್ ದಿನಾ ಕೈಕೊಡ್ತಿತ್ತು. ಹಾಗಾಗಿ ನಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾ ಕಡೆಯ ಒಂದು ಅಂಗಡಿಯಲ್ಲಿ ಟಿವಿ ತಗೊಂಡೆವು. ಟಿವಿಗೆ ಬಿಲ್ ಇದೆ, ವಾರಂಟಿ ಇದೆ, ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ಫಿಟ್ ಮಾಡೋಕೆ ಹುಡುಗ ಬಂದಾಗ ನಾನು ಆಫೀಸಿನಲ್ಲಿದ್ದೆ. ಮನೆಯಲ್ಲಿ ಅವರಿಬ್ಬರೇ. ಹುಡುಗ ಪೆನ್ ಡ್ರೈವ್ ಹಾಕಿ ಆ್ಯಪ್ ಇಳಿಸಿದ್ದಾನೆ. ಪ್ಲೇ ಸ್ಟೋರ್‌ನಿಂದ ಅಲ್ಲ, ಪೆನ್ ಡ್ರೈವ್‌ನಿಂದ! ಸೆಟ್ಟಿಂಗ್ಸ್‌ನಲ್ಲಿ 'ಅನ್‌ನೋನ್ ಸೋರ್ಸಸ್' ಅನ್ನೋ, ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕೋಕೆ ಬಿಡುವ ಆಯ್ಕೆಯನ್ನು ಆನ್ ಮಾಡಿಟ್ಟು ಹೋಗಿದ್ದಾನೆ. ಅಂದ್ರೆ ಟಿವಿಯ ಬಾಗಿಲು ತೆರೆದಿಟ್ಟು ಹೋದ ಹಾಗೆ. ಸೆಟಪ್ ಚಾರ್ಜ್ ಅಂತ 999 ರೂಪಾಯಿ ನಗದು ತಗೊಂಡಿದ್ದಾನೆ, 'ಲೈಫ್‌ಟೈಮ್' ಅಂತ ಹೇಳಿ. ಅಪ್ಪ ಬಿಲ್ ಕೇಳಿದ್ದಾರೆ. "ಫ್ರೀ ಆ್ಯಪಿಗೆ ಬಿಲ್ ಯಾಕ್ರಿ ಸರ?" ಅಂದನಂತೆ. ಫ್ರೀ ಆ್ಯಪಿಗೆ 999 ಯಾಕೆ ಅಂತ ಕೇಳೋ ಹೊತ್ತಿಗೆ ಟಿವಿಯಲ್ಲಿ ಅಮ್ಮನ ಸೀರಿಯಲ್ ಬಂದಾಗಿತ್ತು. ಅಮ್ಮ ಖುಷಿಯಾಗಿ ಅವನಿಗೆ ಚಹಾ ಮಾಡಿಕೊಟ್ಟಿದ್ದಾರೆ. ನೋವು ಬಿಡದ ಕಾಲಿನಲ್ಲಿ ಎದ್ದು ಹೋಗಿ.

ಆಮೇಲೆ ಟಿವಿ ಮೇಲೆ ಕ್ಯೂಆರ್ ಕೋಡ್ ಬಂದಿದೆ. "ಒಂದ್ ರೂಪಾಯಿ ಅಷ್ಟೇ ಸರ, ನಂಬರ್ ವೆರಿಫೈ ಮಾಡ್ಲಿಕ್ಕೆ. ಅದೂ ವಾಪಸ್ ಬರ್ತದ." ಅಪ್ಪ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ದಾರೆ. ಒಂದು ರೂಪಾಯಿ ಹೋಯ್ತು. ನಿಜಕ್ಕೂ ವಾಪಸ್ಸೂ ಬಂತು! ನನಗೆ ಇವತ್ತಿಗೂ ಮೈ ಉರಿಯೋದು ಈ ಜಾಗದಲ್ಲೇ. ಒಂದು ರೂಪಾಯಿ ವಾಪಸ್ ಕೊಟ್ಟು ನಂಬಿಕೆ ಗಳಿಸಿದ್ದಾರೆ. ಸಂಜೆ ನಾನು ಮನೆಗೆ ಬಂದಾಗ ಅಪ್ಪ ಹೇಳಿದ್ದೂ ಅದನ್ನೇ. "ಹುಡುಗ ಛಲೋ ಇದ್ದಾನ, ರೂಪಾಯಿನೂ ವಾಪಸ್ ಬಂತು ನೋಡು."

ಆ ಕ್ಯೂಆರ್ ಬರೀ ಒಂದು ರೂಪಾಯಿಯದ್ದಲ್ಲ. ಅದು ಯುಪಿಐ ಆಟೋಪೇ ಮ್ಯಾಂಡೇಟ್. ನಿಮ್ಮ ಖಾತೆಯಿಂದ ತಿಂಗಳು ತಿಂಗಳು ದುಡ್ಡು ತೆಗೆಯೋಕೆ ನೀವೇ ಕೊಡುವ ಒಪ್ಪಿಗೆ. ಒಂದು ಸಲ ಪಿನ್ ಹಾಕಿದರೆ ಮುಗೀತು. ಆಮೇಲೆ ಪ್ರತಿ ತಿಂಗಳು ಪಿನ್ ಕೇಳಲ್ಲ. 15,000 ರೂಪಾಯಿವರೆಗೆ ಹಾಗೇ ಕಟ್ ಆಗಬಹುದು. ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಕಳಿಸಬೇಕು ಅಂತ ನಿಯಮ ಇದೆ. ಮೆಸೇಜ್ ಬಂದಿದೆ, ಇಂಗ್ಲಿಷಿನಲ್ಲಿ. ಲೋನ್ ಕೊಡ್ತೀವಿ, ಪ್ಲಾಟ್ ಕೊಡ್ತೀವಿ, ರೀಚಾರ್ಜ್ ಮುಗೀತು ಅನ್ನೋ ಮೆಸೇಜುಗಳ ಗುಡ್ಡೆಯಲ್ಲಿ ಅಪ್ಪ ಅದನ್ನು ಹೇಗೆ ಹುಡುಕಬೇಕಿತ್ತು?

ಗೊತ್ತಾಗಿದ್ದು ಪಾಸ್‌ಬುಕ್ ಪ್ರಿಂಟ್ ಮಾಡಿಸಿದಾಗ. ಪೆನ್ಷನ್ ಖಾತೆ ಅದು. 499. ಕೆಳಗೆ ಮತ್ತೆ 499. ಅದರ ಕೆಳಗೆ ಮತ್ತೆ. ಎದುರಿಗೆ ಕೇಳಿಯೇ ಇರದ ಒಂದು ಹೆಸರು. ಅಪ್ಪನ ಫೋನ್ ತಗೊಂಡು ಯುಪಿಐ ಆ್ಯಪ್‌ನ ಆಟೋಪೇ ವಿಭಾಗ ತೆರೆದೆ. ಅಲ್ಲಿ ಕೂತಿತ್ತು. ಗರಿಷ್ಠ ಮೊತ್ತ 5,000. ಮುಗಿಯುವ ವರ್ಷ 2055. ಆಗ ಅಪ್ಪನಿಗೆ ಎಷ್ಟು ವಯಸ್ಸಾಗಿರುತ್ತೆ ಅಂತ ಅವರೇ ಲೆಕ್ಕ ಹಾಕಿ ನನ್ನ ಮುಖ ನೋಡಿದರು. ನನಗೆ ಮಾತೇ ಬರಲಿಲ್ಲ.

ಅಪ್ಪನನ್ನು ಕರ್ಕೊಂಡು ಅಂಗಡಿಗೆ ಹೋದೆ. ಅಲ್ಲಿನ ಉತ್ತರಗಳನ್ನು ಹಾಗೇ ಬರೀತೀನಿ, ಯಾಕಂದ್ರೆ ನಿಮಗೂ ಇದೇ ಉತ್ತರ ಸಿಗುತ್ತೆ.

ಮೊದಲು, "ಯಾವ ಹುಡುಗ್ರಿ? ಆ ಹುಡುಗ ಈಗ ನಮ್ಮಲ್ಲಿ ಇಲ್ಲ."

ಬಿಲ್ಲಿನ ಹಿಂದೆ ಅವನೇ ಬರೆದುಕೊಟ್ಟಿದ್ದ ನಂಬರ್ ತೋರಿಸಿದೆ. ಅಲ್ಲೇ ಫೋನ್ ಮಾಡಿದೆ. ಒಳಗಿನ ಗೋಡೌನ್‌ನಲ್ಲಿ ರಿಂಗ್ ಆಯ್ತು.

ಆಮೇಲೆ, "ದುಡ್ಡು ನಮ್ಮ ಅಕೌಂಟಿಗೆ ಬಂದದೇನ್ರಿ? ಬಂದಿದ್ರ ತೋರಸ್ರಿ. ಅದು ಆ್ಯಪ್‌ನವರದು, ನಮಗೇನು ಸಂಬಂಧ?" ಹಾಗಾದ್ರೆ ಆ 999 ಯಾರ ಜೇಬಿಗೆ ಹೋಯ್ತು ಅಂದೆ. "ಅದು ಸರ್ವಿಸ್ ಚಾರ್ಜ್." ಬಿಲ್ ಎಲ್ಲಿ ಅಂದೆ. ಉತ್ತರ ಇಲ್ಲ. ಬೇರೆ ಗಿರಾಕಿ ಕಡೆ ತಿರುಗಿಬಿಟ್ಟರು.

ಜಾಸ್ತಿ ಕೇಳಿದಾಗ ಮಾಲೀಕರು ಅಪ್ಪನ ಕಡೆ ನೋಡಿ ಅಂದಿದ್ದು ಇದು. "ಮಾಸ್ತರು ಇದ್ದೀರಿ, ಓದ್ಲಿಕ್ಕೆ ಬರ್ತದಲ್ರಿ? ಪಿನ್ ನೀವೇ ಹಾಕೀರಿ, ನಾವು ಹಾಕೇವೇನು?" ಅಂಗಡಿ ತುಂಬಾ ಜನ. ಅವರಲ್ಲಿ ಒಬ್ಬರು ಅಪ್ಪನ ಹಳೆಯ ವಿದ್ಯಾರ್ಥಿ. ಅಪ್ಪ "ನಡಿ, ಮನೆಗೆ ಹೋಗೋಣ" ಅಂದರು. ಜೀವನವೆಲ್ಲಾ ಮಕ್ಕಳಿಗೆ ಓದೋಕೆ ಕಲಿಸಿದ ಮನುಷ್ಯನಿಗೆ ಈ ಮಾತು. ಇದನ್ನು ನಾನು ಬಿಡಲ್ಲ.

ಆ್ಯಪ್‌ನವರ ವಾಟ್ಸಾಪ್ ಉತ್ತರ ಇನ್ನೂ ಚೆಂದ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಮ್ಮದು ಸಂಪೂರ್ಣ ಉಚಿತ ಸೇವೆ. ನೀವು ಪ್ರೀಮಿಯಂ ಆರಿಸಿಕೊಂಡಿದ್ದೀರಿ." ಯಾರು ಆರಿಸಿಕೊಂಡಿದ್ದು, ಯಾವಾಗ ಅಂತ ಕೇಳಿದೆ. ಅದೇ ಮೆಸೇಜ್ ಮತ್ತೆ ಬಂತು. ಹಣ ವಾಪಸ್ ಬೇಕು ಅಂದೆ. ಮತ್ತೆ ಅದೇ. ಕೊನೆಗೆ "ರೀಫಂಡ್ ಪಾಲಿಸಿ ಇಲ್ಲ" ಅಂತ ಬರೆದು ಬ್ಲಾಕ್ ಮಾಡಿದರು.

ಪ್ರೀಮಿಯಂ ಅಂತೆ! ಆ ಪ್ರೀಮಿಯಂನಲ್ಲಿ ಏನು ಬರ್ತಿತ್ತು ಗೊತ್ತಾ? ಸೀರಿಯಲ್ ಮಧ್ಯೆ ನಿಂತುಹೋಗ್ತಿತ್ತು. ಬೆಟ್ಟಿಂಗ್ ಜಾಹೀರಾತು. ರಮ್ಮಿ ಜಾಹೀರಾತು. ಮನೆಮಂದಿ ಕೂತು ನೋಡಲಾಗದ ಜಾಹೀರಾತು. ರಜೆಗೆ ಬಂದಿದ್ದ ಅಕ್ಕನ ಮಕ್ಕಳ ಮುಂದೆ ಅಮ್ಮ ರಿಮೋಟ್ ಹುಡುಕಾಡಿ ಟಿವಿ ಆಫ್ ಮಾಡಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ 2025ರ ಆಗಸ್ಟ್‌ನಲ್ಲೇ ಸಂಸತ್ತು ಕಾನೂನು ಮಾಡಿದೆ. ಅಂಥ ಜಾಹೀರಾತು ಬರ್ತಿದೆ ಅಂದ್ರೆ ಆ ಆ್ಯಪ್ ನೆಟ್ಟಗಿಲ್ಲ ಅಂತಲೇ ತಿಳ್ಕೊಳ್ಳಿ. ದುಡ್ಡು ಕೊಟ್ಟು ನೋಡಬೇಕಾದ ಚಾನೆಲ್ಲೆಲ್ಲಾ ಅಲ್ಲಿ ಫ್ರೀ ಬರ್ತಿದ್ದದ್ದೂ ಕದ್ದ ಪ್ರಸಾರವೇ.

ನಿಜವಾದ ಫ್ರೀ ಸ್ಟ್ರೀಮಿಂಗ್ ಬಗ್ಗೆಯೂ ಹೇಳಲೇಬೇಕು, ಇಲ್ಲಾಂದ್ರೆ ಎಲ್ಲವೂ ಮೋಸ ಅಂದ್ಕೊಳ್ತೀರಿ. ಅಲ್ಲಿ ದುಡ್ಡು ಕೊಡೋದು ಜಾಹೀರಾತು ಕಂಪನಿ. ಇಷ್ಟು ಸಾವಿರ ಸಲ ತೋರಿಸಿದರೆ ಇಷ್ಟು ಅಂತ ಅವರವರಲ್ಲೇ ಲೆಕ್ಕ. ನೋಡುವವರು ಕೊಡೋದು ಸಮಯ ಅಷ್ಟೇ. ಹಾಗಿರುವಾಗ ಅವರಿಗೆ ನಿಮ್ಮ ಯುಪಿಐ ಯಾಕೆ ಬೇಕು? ಬೇಡವೇ ಬೇಡ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರ್‌ನಿಂದ ಇದೆ. ಅದರಲ್ಲಿ ದೂರದರ್ಶನದ ಚಾನೆಲ್‌ಗಳನ್ನು ಪುಕ್ಕಟೆ ನೋಡಬಹುದು. ಯೂಟ್ಯೂಬ್ ಇದೆ, ಎಂಎಕ್ಸ್ ಪ್ಲೇಯರ್ ಇದೆ. ಎಲ್ಲವೂ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತವೆ. ಇಂಟರ್ನೆಟ್ಟೇ ಬೇಡ ಅಂದ್ರೆ ಡಿಡಿ ಫ್ರೀ ಡಿಶ್ ಇದೆ. ಡಿಶ್ಶು, ಬಾಕ್ಸು ಒಂದು ಸಲ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಖಾಸಗಿ ಚಾನೆಲ್‌ಗಳ ಹೊಸ ಸೀರಿಯಲ್ ಪೂರ್ತಿ ಬೇಕಾದ್ರೆ ಬಹಳಷ್ಟಕ್ಕೆ ಚಂದಾ ಕಟ್ಟಬೇಕು. ಅದು ನೇರ ವ್ಯವಹಾರ, ಬೇಕಾದ್ರೆ ಕಟ್ಟಿ, ಬೇಡಾಂದ್ರೆ ಬಿಡಿ.

ಇನ್ನೊಂದು ವಿಷಯ ಹೇಳದೆ ಇರಲಾಗ್ತಿಲ್ಲ. ನಮ್ಮ ಜಿಲ್ಲೆಗೆ ಟಿವಿ ಬಂದಿದ್ದೇ ಪುಕ್ಕಟೆಯಾಗಿ. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬರೋಕೆ 1981 ಆಗಬೇಕಾಯ್ತು. ಅಪ್ಪ ಹುಡುಗನಾಗಿದ್ದಾಗ ಊರಿನವರ ಜೊತೆ ನೆಲದ ಮೇಲೆ ಕೂತು ಆ ಟಿವಿ ನೋಡಿದವರು. ಫ್ರೀ ಟಿವಿ ಅಂದ್ರೆ ಅವರ ಮನಸ್ಸಿನಲ್ಲಿ ಇರೋದು ಅದು. ಅವರು ದುರಾಸೆಯಿಂದ ಮೋಸ ಹೋದರು ಅಂತ ಯಾರಾದರೂ ಅಂದ್ರೆ ನನಗೆ ತಡೆಯೋಕಾಗಲ್ಲ. ಅಪ್ಪ ಈಗ ಫೋನ್ ಮುಟ್ಟೋಕೂ ಹಿಂಜರಿತಾರೆ. ಕರೆಂಟ್ ಬಿಲ್ ಕಟ್ಟೋಕೆ ನನ್ನನ್ನು ಕೇಳ್ತಾರೆ, ಅದೂ ಸಣ್ಣ ದನಿಯಲ್ಲಿ.

ಈಗ ಮಾಡಬೇಕಾದ್ದು. ಇವತ್ತೇ ಅಪ್ಪ ಅಮ್ಮನ ಫೋನಿನಲ್ಲಿ ಆಟೋಪೇ ತೆರೆದು ನೋಡಿ. ಗೊತ್ತಿಲ್ಲದ ಹೆಸರು ಇದ್ದರೆ ಮೊದಲು ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ರದ್ದು ಮಾಡಿ. ಬರೀ ಟಿವಿಯಿಂದ ಆ್ಯಪ್ ತೆಗೆದರೆ ಕಟ್ ಆಗೋದು ನಿಲ್ಲಲ್ಲ, ಎರಡೂ ಬೇರೆ ಬೇರೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಂಗಡಿ ಮೇಲೆ ದೂರು ಕೊಡೋಕೆ ಗ್ರಾಹಕ ಸಹಾಯವಾಣಿ 1915. ಟಿವಿಯಲ್ಲಿ 'ಅನ್‌ನೋನ್ ಸೋರ್ಸಸ್' ಆಫ್ ಮಾಡಿ. ಟೆಕ್ನಿಷಿಯನ್ ಬರೋವಾಗ ಮನೆಯಲ್ಲಿ ಇರಿ. ಇರೋಕಾಗದಿದ್ದರೆ ಯಾವ ಆ್ಯಪೂ ಹಾಕಬೇಡಿ ಅಂತ ಅಂಗಡಿಯವರಿಗೆ ಮೊದಲೇ ಹೇಳಿಬಿಡಿ.

"ಪಿನ್ ನೀವೇ ಹಾಕಿದ್ದೀರಿ" ಅಂದ್ರೆ ಹೆದರಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಡಾರ್ಕ್ ಪ್ಯಾಟರ್ನ್ (ಅಂದ್ರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರ) ಮಾರ್ಗಸೂಚಿ ತಂದಿದೆ. ಅದರಲ್ಲಿ ಪಟ್ಟಿ ಮಾಡಿರುವ 13 ಬಗೆಯ ಮೋಸಗಳಲ್ಲಿ ಚಂದಾ ಬಲೆಯೂ ಒಂದು. ಉಚಿತ ಚಂದಾ ಕೊಡೋಕೆ ಪಾವತಿ ವಿವರವನ್ನೋ ಆಟೋ ಡೆಬಿಟ್ ಒಪ್ಪಿಗೆಯನ್ನೋ ಬಲವಂತವಾಗಿ ಪಡೆಯೋದು ಅದರಡಿ ಬರುತ್ತೆ. ಅಂಗಡಿಯವರಿಗೆ ಇದನ್ನು ಓದಿ ಹೇಳಿದೆ. "ಅದೆಲ್ಲಾ ದಿಲ್ಲಿ ಕಾನೂನು ರೀ" ಅಂದರು.

ದೂರು ಕೊಟ್ಟಿದ್ದೇನೆ. ಹಣ ಇನ್ನೂ ಬಂದಿಲ್ಲ. ದೂರು ವಿಚಾರಣೆಯಲ್ಲಿ ಇರೋದರಿಂದ ಅಂಗಡಿ ಹೆಸರು ಇಲ್ಲಿ ಬರೀತಿಲ್ಲ. ಸೂಪರ್ ಮಾರ್ಕೆಟ್ ಕಡೆ ಟಿವಿ ತಗೊಂಡು ಇದೇ ರೀತಿ 999 ನಗದು, ಆಮೇಲೆ ತಿಂಗಳಿಗೆ 499 ಹೋದವರು ಇದ್ದರೆ ನೀವೂ ದೂರು ಕೊಡಿ. ಒಬ್ಬರೇ ಹೋದರೆ ಅಂಗಡಿಯವರು ಇನ್ನೊಬ್ಬ ಗಿರಾಕಿ ಕಡೆ ತಿರುಗಿಕೊಳ್ತಾರೆ.