ಥೆರಪಿಸ್ಟ್ ಚೆನ್ನಾಗಿದಾರೆ, ಫ್ರಂಟ್ ಡೆಸ್ಕ್ ಅದಕ್ಕಿಂತ ಚೆನ್ನಾಗಿದೆ (ಎಡಿಸನ್, ನ್ಯೂಜೆರ್ಸಿ)

ಇಲ್ಲಿ ಇನ್ಶೂರೆನ್ಸ್ ತಗೊಳ್ಳೋ ಥೆರಪಿಸ್ಟ್ (ಮನಸ್ಸಿನ ಕಷ್ಟಕ್ಕೆ ಕೌನ್ಸೆಲಿಂಗ್ ಮಾಡೋರು) ಹುಡ್ಕೋದ್ರಲ್ಲೇ ಅರ್ಧ ಜೀವ ಹೋಗುತ್ತೆ. ಇನ್ಶೂರೆನ್ಸ್ ಕಂಪ್ನಿ ವೆಬ್‌ಸೈಟಲ್ಲಿ ಮಾರುದ್ದ ಲಿಸ್ಟ್ ಇರುತ್ತೆ, ಫೋನ್ ಮಾಡಿದ್ರೆ ಒಬ್ರು ಊರೇ ಬಿಟ್ಟಿದಾರೆ, ಒಬ್ರು ಹೊಸಬ್ರನ್ನ ತಗೊಳಲ್ಲ, ಇನ್ನೊಬ್ರು ಆ ಪ್ಲಾನಿಂದ ಹೊರಗೆ ಬಂದಿದಾರೆ. 90 ದಿನಕ್ಕೊಂದ್ಸಲ ಲಿಸ್ಟ್ ಸರಿ ಮಾಡ್ಬೇಕು ಅಂತ 2022ರಿಂದ ಕಾನೂನಿದೆ, ಯಾರು ಕೇಳ್ತಾರೆ ಬಿಡಿ.

ಅಮ್ಮ ತೀರ್ಕೊಂಡ ಮೇಲೆ ನಂಗೆ ನಿದ್ದೆ ಹತ್ತುತ್ತಿರ್ಲಿಲ್ಲ, ಫ್ರೆಂಡ್ ಹೇಳಿ ಓಕ್ ಟ್ರೀ ರೋಡ್ ಹತ್ರ ಇರೋ ಈ ಚಿಕ್ಕ ಆಫೀಸಿಗೆ ಫೋನ್ ಮಾಡ್ದೆ. ಎತ್ತಿದ ಮೇಡಂ "ನಿಮ್ ಇನ್ಶೂರೆನ್ಸ್ ತಗೋತೀವಿ" ಅಂತ ಸುಮ್ನೆ ಹೇಳಿ ಇಟ್ಬಿಡ್ಲಿಲ್ಲ. ಇನ್ಶೂರೆನ್ಸ್ ಕಾರ್ಡ್ ತಿರುಗಿಸಿ ಹಿಂದೆ ಏನ್ ಬರ್ದಿದೆ ಓದಿ ಅಂದ್ರು. ನೋಡಿದ್ರೆ ಮೆಂಟಲ್ ಹೆಲ್ತ್ ನೋಡ್ಕೊಳ್ಳೋದು ಬೇರೆ ಕಂಪ್ನಿ, ಫೋನ್ ನಂಬರೂ ಬೇರೆ! ಥೆರಪಿಸ್ಟ್ ಎನ್‌ಪಿಐ ನಂಬರ್ (ಅವ್ರನ್ನ ಗುರುತಿಸೋ ನಂಬರ್), ಆಫೀಸಿನ ಟ್ಯಾಕ್ಸ್ ಐಡಿ, ಮೊದಲ್ನೇ ಭೇಟಿಯ ಬಿಲ್ಲಿಂಗ್ ಕೋಡ್ 90791, ಆಮೇಲಿನ 45 ನಿಮಿಷದ ಸೆಷನ್‌ಗೆ 90834, ಎಲ್ಲಾ ಈಮೇಲ್ ಮಾಡಿ "ಆ ಕಂಪ್ನಿಗೆ ಫೋನ್ ಮಾಡಿ ನೀವೂ ಒಂದ್ಸಲ ಕೇಳಿ, ಕಾಲ್ ರೆಫರೆನ್ಸ್ ನಂಬರ್ ಬರ್ಕೊಳಿ" ಅಂದ್ರು. ಒಬ್ರೇ ಥೆರಪಿಸ್ಟ್ ಎರಡು ಕಡೆ ಕೆಲಸ ಮಾಡ್ತಿದ್ರೆ ಒಂದ್ಕಡೆ ಇನ್-ನೆಟ್‌ವರ್ಕ್ (ಇನ್ಶೂರೆನ್ಸ್ ಜೊತೆ ಒಪ್ಪಂದ) ಇದ್ದು ಇನ್ನೊಂದ್ಕಡೆ ಇಲ್ದೇನೂ ಇರ್ಬಹುದಂತೆ, ಅದಕ್ಕೇ ಟ್ಯಾಕ್ಸ್ ಐಡಿ. ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮುಂಚೆ ವರ್ಷಕ್ಕೆ ನಾವು ಕಟ್ಬೇಕಾದ ಮೊತ್ತ) ಮುಗಿಯೋ ತನಕ ಪೂರ್ತಿ ರೇಟ್ ಕೈಯಿಂದ ಕೊಡ್ಬೇಕು, ಆಮೇಲೆ ಬರೀ ಕೋಪೇ, ಅಂದ್ರೆ ಪ್ರತಿ ಸೆಷನ್‌ಗೆ ನಮ್ಮ ಪಾಲಿನ ನಿಗದಿ ದುಡ್ಡು, ಅಂತ ಮುಂಚೇನೇ ಹೇಳಿದ್ರು, ಬಿಲ್ ಹಾಗೇ ಬಂತು.

ಥೆರಪಿಸ್ಟ್ ಎಲ್‌ಸಿಎಸ್‌ಡಬ್ಲ್ಯೂ, ಅಂದ್ರೆ ಸೋಶಿಯಲ್ ವರ್ಕಲ್ಲಿ ಮಾಸ್ಟರ್ಸ್ ಮಾಡಿ ಕ್ಲಿನಿಕಲ್ ಲೈಸೆನ್ಸ್ ತಗೊಂಡಿರೋರು. ಮಾತ್ರೆ ಬರ್ಕೊಡಲ್ಲ, ಅದಕ್ಕೆ ಡಾಕ್ಟ್ರ ಹತ್ರಾನೇ ಹೋಗ್ಬೇಕು. ಲೈಸೆನ್ಸ್ ಇದ್ಯಾ ಅಂತ ರಾಜ್ಯದ ವೆಬ್‌ಸೈಟಲ್ಲಿ ಫ್ರೀಯಾಗಿ ನೋಡ್ಬಹುದು. ಕನ್ನಡ ಬರಲ್ಲ. ಆದ್ರೆ ವೈಕುಂಠ ಸಮಾರಾಧನೆನ ವಾಟ್ಸಾಪ್ ವಿಡಿಯೋದಲ್ಲಿ ನೋಡ್ದೆ ಅಂದಾಗ ಅವತ್ತು ಏನೇನ್ ಮಾಡ್ತಾರೆ, ಯಾರ್ ಯಾರು ಬಂದಿದ್ರು ಅಂತ ನಿಧಾನಕ್ಕೆ ಕೇಳ್ತಾ ಹೋದ್ರು, ಆವತ್ತೇ ನಾನು ಸರಿಯಾಗಿ ಅತ್ತಿದ್ದು.

ಒಂದ್ ಸ್ಟಾರ್ ಯಾಕೆ ಕಟ್ ಅಂದ್ರೆ ಸಂಜೆ ಸ್ಲಾಟ್ ಸಿಗೋದೇ ಇಲ್ಲ, ಪಾರ್ಕಿಂಗ್ ಅಂತೂ ವೀಕೆಂಡಲ್ಲಿ ದೇವ್ರೇ ಗತಿ. ವಿಡಿಯೋ ಸೆಷನ್ ಇದೆ, ಆದ್ರೆ ಆ ಟೈಮಲ್ಲಿ ನೀವು ನ್ಯೂಜೆರ್ಸಿಯಲ್ಲೇ ಇರ್ಬೇಕು, ಅವ್ರ ಲೈಸೆನ್ಸ್ ಇಲ್ಲಿಗೆ ಮಾತ್ರ. ವರ್ಷಾಬ್ದಿಕಕ್ಕೆ ಮೈಸೂರಿಗೆ ಹೋಗ್ತೀನಿ, ಅಲ್ಲಿಂದ ಮಾಡ್ತೀರಾ ಅಂತ ಕೇಳಿದ್ದಕ್ಕೆ ಆಗಲ್ಲ ಅಂದ್ರು, ಹೋಗೋ ಮುಂಚೆ ಒಂದು ಬಂದ ಮೇಲೆ ಒಂದು ಅಪಾಯಿಂಟ್‌ಮೆಂಟ್ ಹಾಕ್ಕೊಟ್ಟಿದಾರೆ.