ಮರದ ಸಕ್ಕರೆ ಅಚ್ಚು: ಆನೆಗೆ ಪೂರ್ತಿ ಅಂಕ, ಗಿಣಿಗೆ ಕಮ್ಮಿ

ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರೋ ಸಕ್ಕರೆ ಗೊಂಬೆ ಮಾಡೋಕೆ ಅಂತ ಈ ಮರದ ಅಚ್ಚಿನ ಸೆಟ್ ತರಿಸಿದೆ. ಆನೆ, ಮೀನು, ತುಳಸಿಕಟ್ಟೆ ಸೊಗಸಾಗಿ ಬಂದವು. ಆನೆ ಮೇಲಿನ ಅಂಬಾರಿಯ ಗೆರೆ ಕೂಡ ಎದ್ದು ಕಾಣುತ್ತೆ. ಗಿಣಿ ಮಾತ್ರ ಪ್ರತಿ ಸಲ ಕೊಕ್ಕು ಮುರಿದುಕೊಂಡೇ ಹೊರಗೆ ಬರುತ್ತೆ, ಅಲ್ಲಿ ಕೆತ್ತನೆ ತೀರಾ ಸಣ್ಣ. ಅಚ್ಚಿನ ಎರಡು ಹೋಳೂ ಸರಿಯಾಗಿ ಕೂರುತ್ತವೆ, ರಬ್ಬರ್ ಬ್ಯಾಂಡ್ ಬಿಗಿದರೆ ಪಾಕ ಸೋರಲ್ಲ. ಹುಯ್ಯೋ ಮುಂಚೆ ಅಚ್ಚು ನೀರಲ್ಲಿ ಚೆನ್ನಾಗಿ ನೆನೆದಿರಬೇಕು, ಇಲ್ಲದಿದ್ದರೆ ಸಕ್ಕರೆ ಮರಕ್ಕೇ ಕಚ್ಚಿಕೊಳ್ಳುತ್ತೆ. ಇದನ್ನ ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ! ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ಒಂದು ಸಲಕ್ಕೆ ಸ್ವಲ್ಪವೇ ಪಾಕ ಕಾಯಿಸಿ, ಬೆಳ್ಳಗೆ ನೊರೆ ಏಳೋವರೆಗೆ ತಿರುವಿ ತಕ್ಷಣ ಹುಯ್ಯಿರಿ. ಪ್ಲಾಸ್ಟಿಕ್ ಅಚ್ಚಿಗೆ ಬಿಸಿ ಪಾಕ ಹುಯ್ಯೋಕೆ ನನಗಂತೂ ಮನಸ್ಸಿಲ್ಲ. ತೊಳೆದ ಮೇಲೆ ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಮರ ಬಿರುಕು ಬಿಡುತ್ತೆ.