ಜಾವಾ 250: ವರ್ಷಗಟ್ಟಲೆ ಓಡಿಸಿ, ಬಿಚ್ಚಿ, ಮತ್ತೆ ಕಟ್ಟಿದ ಮೇಲೆ

ಹದಿಹರೆಯದಲ್ಲಿ ಹತ್ತಿದ ಹಳೆಯ ಬೈಕುಗಳ ಹುಚ್ಚು ತಲೆ ನರೆತರೂ ಇಳಿದಿಲ್ಲ. ಎಷ್ಟೋ ಗಾಡಿಗಳನ್ನು ರಿಪೇರಿ ಮಾಡಿ ಮಾರಿದ್ದೇನೆ. 1950ರ ದಶಕದ ವಿನ್ಯಾಸದ ಈ ಜಾವಾವನ್ನು ಮಾತ್ರ ಬಿಟ್ಟುಕೊಡಲು ಮನಸ್ಸಾಗಿಲ್ಲ. "ಹೆಂಗಸರ ಕೈಲಿ ಕಿಕ್ ಹೊಡೆಯಲು ಆಗುತ್ತದೆಯೇ?" ಎಂದು ಈಗಲೂ ಕೇಳುವವರಿದ್ದಾರೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಧಾರಾಳವಾಗಿ ಆಗುತ್ತದೆ. ಇದು 248.5 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ದೊಡ್ಡ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನುಗಳಷ್ಟು ಕಾಲಿನ ಬಲ ಬೇಡುವುದಿಲ್ಲ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಅದೇ ಲಿವರಿಗೆ ಕ್ಲಚ್ಚಿನ ಕೆಲಸವೂ ಗೊತ್ತು: ಗೇರ್ ಬದಲಿಸಲು ಕಾಲಿನಿಂದ ಒತ್ತುತ್ತಿದ್ದಂತೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಗಾಡಿ ಹೊರಟ ಮೇಲೆ ಎಡಗೈಗೆ ರಜೆ. ಒಂದು ಸರಳು ಮೂರು ಕೆಲಸ ಮಾಡುವ ಈ ಏರ್ಪಾಡಿಗೆ ನಾನು ಇಂದಿಗೂ ಮಾರುಹೋಗುತ್ತೇನೆ. ಕ್ಲಚ್ ಅಡ್ಜಸ್ಟ್‌ಮೆಂಟ್ ಸ್ವಲ್ಪ ತಪ್ಪಿದರೂ ಗೇರ್ ಕಟಕಟ ಎನ್ನುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು.

ಶಕ್ತಿ 12 ಅಶ್ವಶಕ್ತಿಯ ಆಸುಪಾಸು. ಅವಸರದವರಿಗೆ ಹೇಳಿದ ಗಾಡಿಯಲ್ಲ. ಡ್ರಮ್ ಬ್ರೇಕುಗಳನ್ನು ನಂಬಿ ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ. ಇಳಿಜಾರಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ, 25 ಪಾಲಿಗೆ ಒಂದು ಪಾಲಿನ ಲೆಕ್ಕದಲ್ಲಿ. ಥ್ರಾಟಲ್ ಮುಚ್ಚಿ ಉದ್ದಕ್ಕೂ ಗೇರಿನಲ್ಲೇ ಇಳಿದರೆ ಪೆಟ್ರೋಲ್ ನಿಂತಂತೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಸಿಲಿಂಡರಿನೊಳಗೇ ಕಚ್ಚಿಕೊಂಡು ನಿಲ್ಲುವ ಅಪಾಯವಿದೆ. ಆಗಾಗ ಥ್ರಾಟಲನ್ನು ಒಮ್ಮೆ ತಿರುವಿ ಬಿಡುವುದು ಒಳ್ಳೆಯದು.

ರಿಪೇರಿಯ ವಿಷಯಕ್ಕೆ ಬಂದರೆ, ಇಷ್ಟು ಮರ್ಯಾದಸ್ಥ ಯಂತ್ರವನ್ನು ನಾನು ಕಂಡಿಲ್ಲ. ಬಲಗಡೆಯ ಮುಚ್ಚಳ ತೆಗೆದರೆ ಡೈನಮೊ, ಪ್ಲಗ್ಗಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಪಾಯಿಂಟ್ ಎಲ್ಲವೂ ಎದುರಿಗೇ. ಪಾಯಿಂಟಿನ ಎರಡು ತುದಿಗಳ ನಡುವೆ 0.4 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ, ಸಣ್ಣಗೆ ತಡೆಯುತ್ತಾ ಜಾರಬೇಕು. ಆ ತಡೆ ಬೆರಳಿಗೆ ಒಮ್ಮೆ ಪರಿಚಯವಾದರೆ ಮುಂದೆ ಬೇರೆಯವರ ಕೈ ಕಾಯಬೇಕಿಲ್ಲ. ಚೈನ್ ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಇರುವುದರಿಂದ ಧೂಳು, ಮಳೆಯ ಕಾಟವಿಲ್ಲ. ಸೀರೆಯ ಸೆರಗು, ದುಪಟ್ಟಾ ಸಿಕ್ಕುವ ಭಯವೂ ಕಡಿಮೆ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಮಸಿ ಕೆರೆಯುವ ದಿನ ಈ ವೈಭವ ಬೇಕಿತ್ತೇ ಅನಿಸುತ್ತದೆ.

6 ವೋಲ್ಟಿನ ಹೆಡ್‌ಲೈಟ್ ಇಂದಿನ ರಾತ್ರಿ ರಸ್ತೆಗೆ ಸಾಲದು. ನಾನು 12 ವೋಲ್ಟಿಗೆ ಬದಲಿಸಿಕೊಂಡೆ, ಹಳೆಯ ಡೈನಮೊ ಎಣ್ಣೆ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿದೆ. ಕಾರ್ಖಾನೆಯಿಂದ ಬಂದಂತೆಯೇ ಇರಬೇಕು ಎಂದು ವಾದಿಸುವ ಗೆಳೆಯರು ಕತ್ತಲಾದ ಮೇಲೆ ನನ್ನ ಹಿಂದೆಯೇ ಬರುತ್ತಾರೆ! ಉಳಿದಂತೆ ಏನನ್ನೂ ಬದಲಿಸಬೇಡಿ. ಮೂಲ ಮಡ್‌ಗಾರ್ಡಿಗೆ ತುಕ್ಕು ಹಿಡಿದಿದ್ದರೂ ತೇಪೆ ಹಾಕಿ ಉಳಿಸಿಕೊಳ್ಳಿ. ನಾನು ತರಿಸಿದ ನಕಲಿ ಮಡ್‌ಗಾರ್ಡಿನ ತೂತುಗಳು ಚಾಸಿಗೆ ಕೂಡಲೇ ಇಲ್ಲ, ಮಾರಿದವರು ವಾಪಸೂ ತೆಗೆದುಕೊಳ್ಳಲಿಲ್ಲ.

ಕೊಳ್ಳುವವರು ಪೇಂಟ್ ನೋಡುವ ಮೊದಲು ಹೊಗೆ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎಡಗಡೆಯ ಆಯಿಲ್ ಸೀಲ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ಹೋಗಿ ಗೇರ್‌ಬಾಕ್ಸಿನ ಎಣ್ಣೆ ಒಳಗೆ ಎಳೆದುಕೊಳ್ಳುತ್ತಿರಬಹುದು. ಗೇರ್‌ಬಾಕ್ಸಿನಲ್ಲಿ ಎಣ್ಣೆ ಎಷ್ಟಿದೆ ಎಂದು ಅಲ್ಲೇ ನೋಡಿ. ಕಡಿಮೆ ಇದ್ದರೆ ಸೀಲ್, ಬೇರಿಂಗ್, ಕೂಲಿಯ ಖರ್ಚನ್ನು ಹೇಳಿದ ಬೆಲೆಯಿಂದ ಕಳೆದು ಮಾತಾಡಿ.